‘ಎರರ್’ ಎಂದರೆ ತಪ್ಪೇ?

ಬೆಂಗಳೂರಿನ ಒಂದು ಪದವಿಪೂರ್ವ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯವನ್ನು ಕಲ್ಪಿಸಿಕೊಳ್ಳಿ. ಮೂವರು ವಿದ್ಯಾರ್ಥಿಗಳು ಸರಳ ಲೋಲಕದ ನೆರವಿನಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುತ್ತಿದ್ದಾರೆ. ದಾರ, ಗುಂಡು, ಅಳತೆಪಟ್ಟಿ, ಸ್ಟಾಪ್‌ವಾಚ್ – ಇಷ್ಟೇ ಸಲಕರಣೆ. ಲೆಕ್ಕ ಮುಗಿದಾಗ ಮೊದಲನೆಯವನಿಗೆ 982 ಬಂದಿದೆ, ಎರಡನೆಯವಳಿಗೆ 971, ಮೂರನೆಯವನಿಗೆ ಸರಿಯಾಗಿ 980. (ಎಲ್ಲವೂ ಸೆಂಟಿಮೀಟರ್ ಪ್ರತಿ ಸೆಕೆಂಡ್ ವರ್ಗ ಎಂಬ ಮಾನದಲ್ಲಿ.) ಪುಸ್ತಕದಲ್ಲಿ ಇರುವುದು 980.

ಮುಂದೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಮೂರನೆಯವನ ರೆಕಾರ್ಡ್ ಪುಸ್ತಕಕ್ಕೆ ಕೂಡಲೇ ‘ಸರಿ’ ಗುರುತು ಬೀಳುತ್ತದೆ. ಮೊದಲನೆಯವನು ರಬ್ಬರ್ ಹುಡುಕುತ್ತಾನೆ. ಎರಡನೆಯವಳು 980ರಿಂದ ಹಿಮ್ಮುಖವಾಗಿ ಲೆಕ್ಕ ಮಾಡಿ, ಸ್ಟಾಪ್‌ವಾಚ್ ಎಷ್ಟು ತೋರಿಸಿದ್ದರೆ ಚೆನ್ನಾಗಿತ್ತು ಎಂಬುದನ್ನು ಕಂಡುಕೊಂಡು, ಆ ಅಂಕಿಯನ್ನೇ ರೀಡಿಂಗ್ ಎಂದು ಬರೆಯುತ್ತಾಳೆ. ಕೊನೆಗೆ ಮೂವರ ಪುಸ್ತಕದಲ್ಲೂ 980 ಇರುತ್ತದೆ. ‘ಎರರ್’ ಎಂಬ ಶೀರ್ಷಿಕೆಯ ಕೆಳಗೆ ‘ಇಲ್ಲ’ ಎಂದೋ, ‘ಮಾನವ ಸಹಜ ತಪ್ಪು’ ಎಂದೋ ಬರೆದಿರುತ್ತದೆ.

ಈಗ ಒಂದು ಸಂಗತಿಯನ್ನು ಗಮನಿಸಿ. ಗುರುತ್ವ ವೇಗೋತ್ಕರ್ಷ ಭೂಮಿಯ ಎಲ್ಲ ಕಡೆಯೂ ಒಂದೇ ಅಲ್ಲ. ಸಮಭಾಜಕ ವೃತ್ತದ ಬಳಿ ಅದು ಸುಮಾರು 978, ಧ್ರುವಗಳಲ್ಲಿ ಸುಮಾರು 983. 1901ರಲ್ಲಿ ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಮಹಾಸಮ್ಮೇಳನ 980.665 ಎಂಬ ಮಾನಕ ಬೆಲೆಯನ್ನು ಒಪ್ಪಿಕೊಂಡಿತು. ಅದನ್ನೇ ನಾವು 980 ಎಂದು ಮೊಟಕುಗೊಳಿಸಿ ಬಳಸುತ್ತೇವೆ. ಆದರೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವ ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 978! ಅಂದರೆ ಮೂವರೂ ಯಾವ ಅಂಕಿಗಾಗಿ ತಮ್ಮ ರೀಡಿಂಗ್‌ಗಳನ್ನು ಬಲಿಕೊಟ್ಟರೋ, ಅದು ಅವರ ಊರಿನ ಅಂಕಿಯೇ ಅಲ್ಲ.

ಈ ಪಾಡಿಗೆ ಕಾರಣ ವಿದ್ಯಾರ್ಥಿಗಳ ಸೋಮಾರಿತನವಲ್ಲ. ‘ಎರರ್’ ಎಂಬ ಒಂದು ಸಾಮಾನ್ಯ ಇಂಗ್ಲಿಷ್ ನಾಮಪದವನ್ನು ನಾವು ‘ತಪ್ಪು’ ಎಂದು ಅರ್ಥ ಮಾಡಿಕೊಂಡಿರುವುದು ಇದಕ್ಕೆ ಬಹುಮಟ್ಟಿಗೆ ಕಾರಣ. ತಪ್ಪು ಎಂದಮೇಲೆ ಅದನ್ನು ಮುಚ್ಚಿಡಬೇಕು ಎನ್ನಿಸುವುದು ಸಹಜ. ವಿಜ್ಞಾನದಲ್ಲಿ ಮಾತ್ರ ಎರರ್ ಮುಚ್ಚಿಡುವ ವಸ್ತುವಲ್ಲ, ಉತ್ತರದ ಜೊತೆಗೆ ಬರೆದು ತೋರಿಸಬೇಕಾದ ವಸ್ತು. ಅದು ಹೇಗೆಂದು ನೋಡೋಣ.

ಪದದ ಮೂಲ

‘ಎರರ್’ ಪದ ಲ್ಯಾಟಿನ್ ಭಾಷೆಯ ‘ಎರ್ರಾರೆ’ ಎಂಬ ಕ್ರಿಯಾಪದದಿಂದ ಬಂದುದು. ಅಲೆದಾಡು, ದಾರಿ ಬಿಟ್ಟು ಹೋಗು ಎಂಬುದು ಅದರ ಅರ್ಥ. ಮಾಡಿದವನನ್ನು ದೂಷಿಸುವ ಭಾವ ಅದರಲ್ಲಿ ಮೊದಲಿಗೆ ಇರಲಿಲ್ಲ. ಅಚ್ಚಾದ ಪುಸ್ತಕದ ಕೊನೆಯಲ್ಲಿ ಬರುವ ‘ಎರ್ರಾಟಾ’, ಅಂದರೆ ನಮ್ಮ ಒಪ್ಪೋಲೆ, ಅದೇ ಧಾತುವಿನ ಪದ.

ಕನ್ನಡದ ‘ತಪ್ಪು’ ಪದಕ್ಕೂ ಇಂಥದೇ ಚರಿತ್ರೆ ಇದೆ ಎಂಬುದು ಸ್ವಾರಸ್ಯದ ಸಂಗತಿ. ಕ್ರಿಯಾಪದವಾಗಿ ‘ತಪ್ಪು’ ಎಂದರೆ ಸರಿದು ಹೋಗು, ಸಿಗದೆ ಹೋಗು. ದಾರಿ ತಪ್ಪಿತು, ಗುರಿ ತಪ್ಪಿತು, ಬಸ್ಸು ತಪ್ಪಿತು ಎನ್ನುತ್ತೇವೆ. ಬಸ್ಸು ತಪ್ಪಿದವನನ್ನು ಯಾರೂ ಅಪರಾಧಿ ಎನ್ನುವುದಿಲ್ಲ. ಆದರೆ ನಾಮಪದವಾದೊಡನೆ ಅರ್ಥ ಬಿಗಿಯಾಗುತ್ತದೆ. ‘ತಪ್ಪಾಯಿತು’ ಎಂದು ಕ್ಷಮೆ ಕೇಳುತ್ತೇವೆ, ದೇವರಿಗೆ ತಪ್ಪುಕಾಣಿಕೆ ಸಲ್ಲಿಸುತ್ತೇವೆ. ನಮ್ಮ ಪಠ್ಯಪುಸ್ತಕಗಳು ಎರರ್ ಎಂಬುದಕ್ಕೆ ಬಳಸುವ ‘ದೋಷ’ ಪದದ ಗತಿಯೂ ಅಷ್ಟೇ. ದೃಷ್ಟಿದೋಷ, ಉಚ್ಚಾರಣೆಯ ದೋಷ, ಜಾತಕದ ದೋಷ – ಎಲ್ಲ ಕಡೆಯೂ ಅದು ಇರಬಾರದ ಸಂಗತಿ. ‘ಮಾಪನದಲ್ಲಿ ದೋಷ’ ಎಂದು ಓದಿದ ವಿದ್ಯಾರ್ಥಿ, ಮಾಪನವೇ ಕೆಟ್ಟುಹೋಗಿದೆ ಎಂದು ತಿಳಿದರೆ ಆಶ್ಚರ್ಯವಿಲ್ಲ.

ಇಂಗ್ಲಿಷಿನಲ್ಲಿ ‘ಮಿಸ್ಟೇಕ್’ ಎಂಬ ಇನ್ನೊಂದು ಪದವಿದೆ. ದಿನದ ಮಾತಿನಲ್ಲಿ ಎರಡನ್ನೂ ಒಂದರ ಬದಲಿಗೆ ಒಂದು ಬಳಸುವುದುಂಟು. ಪ್ರಯೋಗಾಲಯದಲ್ಲಿ ಹಾಗೆ ಮಾಡಬಾರದು. ಇಪ್ಪತ್ತು ಆಂದೋಲನ ಎಣಿಸಬೇಕಾದ ಕಡೆ ಹತ್ತೊಂಬತ್ತು ಎಣಿಸಿದರೆ, 36 ಎಂಬುದನ್ನು 63 ಎಂದು ಬರೆದರೆ ಅದು ಮಿಸ್ಟೇಕ್. ಅದಕ್ಕೆ ಕೈತಪ್ಪು, ಕಣ್ತಪ್ಪು, ಎಡವಟ್ಟು ಎಂಬ ಒಳ್ಳೆಯ ಕನ್ನಡ ಪದಗಳಿವೆ. ಎಚ್ಚರವಹಿಸಿದರೆ ಅದನ್ನು ಪೂರ್ತಿ ತಪ್ಪಿಸಬಹುದು. ಎಲ್ಲ ಎಚ್ಚರ ವಹಿಸಿದ ಮೇಲೂ ಉಳಿದುಕೊಳ್ಳುವ ಅಂತರವೇ ವಿಜ್ಞಾನಿಯ ಎರರ್.

ಹೆಚ್ಚುಕಡಿಮೆಯ ಲೆಕ್ಕ

ಮೊದಲನೆಯ ವಿದ್ಯಾರ್ಥಿಯ ರೀಡಿಂಗ್‌ಗಳನ್ನೇ ನೋಡಿ. ಲೋಲಕದ ಉದ್ದ 100 ಸೆಂಟಿಮೀಟರ್. ಇಪ್ಪತ್ತು ಆಂದೋಲನಗಳಿಗೆ ಐದು ಸಲ ಅಳೆದ ಕಾಲ 40.1, 40.3, 39.9, 40.2, 40.0 ಸೆಕೆಂಡ್ ಎಂದುಕೊಳ್ಳೋಣ. ಸರಾಸರಿ 40.1. ಒಂದು ಆಂದೋಲನಕ್ಕೆ 2.005 ಸೆಕೆಂಡ್. ಪೈ ವರ್ಗದ ನಾಲ್ಕರಷ್ಟನ್ನು, ಅಂದರೆ 39.48ನ್ನು, ಉದ್ದದಿಂದ ಗುಣಿಸಿ ಈ ಕಾಲದ ವರ್ಗದಿಂದ ಭಾಗಿಸಿದರೆ 982 ಬರುತ್ತದೆ.

ಐದು ರೀಡಿಂಗ್‌ಗಳೂ ಒಂದೇ ಏಕಿಲ್ಲ? ಗುಂಡು ನಡುಗೆರೆಯನ್ನು ದಾಟಿದ್ದನ್ನು ಕಣ್ಣು ಕಂಡು ಬೆರಳು ಗುಂಡಿ ಒತ್ತುವುದರೊಳಗೆ ಸ್ವಲ್ಪ ಕಾಲ ಕಳೆದಿರುತ್ತದೆ. ಆ ಸ್ವಲ್ಪ ಪ್ರತಿ ಸಲವೂ ಒಂದೇ ಇರುವುದಿಲ್ಲ. ಇಲ್ಲಿ ರೀಡಿಂಗ್‌ಗಳು ಸರಾಸರಿಯಿಂದ ಎರಡೂ ಕಡೆಗೆ 0.2 ಸೆಕೆಂಡಿನವರೆಗೆ ಚದುರಿವೆ. ಆದ್ದರಿಂದ ಕಾಲವನ್ನು 40.1 ± 0.2 ಸೆಕೆಂಡ್ ಎಂದು ಬರೆಯುವುದು ಪ್ರಾಮಾಣಿಕ. 40.1ರಲ್ಲಿ 0.2 ಎಂದರೆ ಶೇಕಡಾ 0.5. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಉತ್ತರದಲ್ಲಿ ಅದು ಇಮ್ಮಡಿಯಾಗಿ ಶೇಕಡಾ 1 ಆಗುತ್ತದೆ. ಹಾಗಾಗಿ ಅವನ ಉತ್ತರ 982 ಅಲ್ಲ, 982 ± 10.

‘±’ ಗುರುತನ್ನು ಹೇಗೆ ಓದುವುದೆಂದು ಮಕ್ಕಳು ಕೇಳಿದರೆ ಸಂಕೋಚವಿಲ್ಲದೆ ‘ಹೆಚ್ಚುಕಡಿಮೆ’ ಎಂದು ಹೇಳಿಕೊಡಿ. ‘ಇಲ್ಲಿಂದ ಹೆಚ್ಚುಕಡಿಮೆ ಎರಡು ಮೈಲಿ’ ಎಂದು ದಾರಿ ತೋರುವ ಹಳ್ಳಿಯ ಹಿರಿಯರು ಬಳಸುವ ಪದವೇ ಅದು. ವ್ಯತ್ಯಾಸವಿಷ್ಟೆ: ವಿಜ್ಞಾನದಲ್ಲಿ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನೂ ಹೇಳಬೇಕು.

ಈಗ ಮೂವರ ಉತ್ತರಗಳನ್ನು ಮತ್ತೆ ನೋಡಿ. ಮೂವರೂ ಒಂದೇ ಬಗೆಯ ಸಲಕರಣೆ ಬಳಸಿರುವುದರಿಂದ ಮೂವರ ಎರರ್ ಕೂಡ ಸುಮಾರು 10. 982 ± 10 ಎಂದರೆ 972ರಿಂದ 992. 971 ± 10 ಎಂದರೆ 961ರಿಂದ 981. 980 ± 10 ಎಂದರೆ 970ರಿಂದ 990. ಬೆಂಗಳೂರಿನ 978 ಮೂರರ ಒಳಗೂ ಇದೆ. ಹಾಗಾದರೆ ಮೂವರೂ ಸರಿ! ಎರರ್ ಬರೆಯದಿದ್ದಾಗ ಇಬ್ಬರು ತಪ್ಪಿತಸ್ಥರಾಗಿದ್ದರು, ಬರೆದಾಗ ಯಾರೂ ಅಲ್ಲ. ಅಷ್ಟೇ ಅಲ್ಲ, ಈ ಸಲಕರಣೆಯಿಂದ 978 ಮತ್ತು 980ರ ನಡುವಿನ ಭೇದವನ್ನು ಕಾಣಲಾಗದು ಎಂಬುದನ್ನೂ ಆ 10 ತಿಳಿಸುತ್ತದೆ. ಭೇದವನ್ನು ಕಾಣಬೇಕೆಂದರೆ ಏನು ಮಾಡಬೇಕು? ಇಪ್ಪತ್ತರ ಬದಲು ನೂರು ಆಂದೋಲನ ಎಣಿಸಿದರೆ, ಅದೇ 0.2 ಸೆಕೆಂಡ್ ಸುಮಾರು 200 ಸೆಕೆಂಡುಗಳಲ್ಲಿ ಹಂಚಿಹೋಗಿ, ಕಾಲದಿಂದ ಬರುವ ಎರರ್ 10ರಿಂದ 2ಕ್ಕೆ ಇಳಿಯುತ್ತದೆ. ಎರರ್ ಎಲ್ಲಿಂದ ಬರುತ್ತದೆಂದು ತಿಳಿದವನಿಗೆ ಪ್ರಯೋಗವನ್ನು ಉತ್ತಮಪಡಿಸುವ ದಾರಿಯೂ ತಿಳಿಯುತ್ತದೆ.

ಎರಡು ಬಗೆ

ಮೇಲೆ ಹೇಳಿದ್ದು ಯಾದೃಚ್ಛಿಕ ಎರರ್. ಅದು ಒಮ್ಮೆ ಹೆಚ್ಚಿನ ಕಡೆಗೆ, ಒಮ್ಮೆ ಕಡಿಮೆಯ ಕಡೆಗೆ ಬೀಳುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ಕಳೆಯುತ್ತವೆ. ನೂರು ರೀಡಿಂಗ್‌ಗಳ ಸರಾಸರಿಯಲ್ಲಿ ಯಾದೃಚ್ಛಿಕ ಎರರ್ ಒಂದೇ ರೀಡಿಂಗ್‌ನಲ್ಲಿ ಇರುವುದರ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಅದು ರೀಡಿಂಗ್‌ಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ತಗ್ಗುತ್ತದೆ.

ಇನ್ನೊಂದು ಕ್ರಮಬದ್ಧ ಎರರ್. ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಬೇಕು. ದಾರದ ಉದ್ದವನ್ನಷ್ಟೇ ಅಳೆದು, ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತಿರಿ ಎನ್ನೋಣ. ತ್ರಿಜ್ಯ 1 ಸೆಂಟಿಮೀಟರ್ ಇದ್ದರೆ ಉತ್ತರ ಶೇಕಡಾ 1ರಷ್ಟು, ಅಂದರೆ ಸುಮಾರು 10ರಷ್ಟು, ಇಳಿಯುತ್ತದೆ. ಸಾವಿರ ಸಲ ಅಳೆದರೂ ಅದು ಇಳಿದೇ ಇರುತ್ತದೆ. ಸ್ಕ್ರೂಗೇಜಿನ ಶೂನ್ಯ ದೋಷವೂ ಇದೇ ಜಾತಿಯದು. ಸರಾಸರಿ ಇದಕ್ಕೆ ಮದ್ದಲ್ಲ. ಕಾರಣವನ್ನು ಹುಡುಕಿ, ತಿದ್ದುಪಡಿ ಲೆಕ್ಕ ಹಾಕುವುದೇ ಮದ್ದು.

ಇದರ ಮಹತ್ತ್ವವನ್ನು ಬಲ್ಲವರೊಬ್ಬರು ಇನ್ನೂರು ವರ್ಷಗಳ ಹಿಂದೆ ನಮ್ಮ ನೆಲದಲ್ಲೇ ಕೆಲಸ ಮಾಡಿದ್ದರು. ಅವರೇ ವಿಲಿಯಂ ಲ್ಯಾಂಬ್ಟನ್. ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂದು ಹೆಸರಾದ ಭೂಮಾಪನವನ್ನು ಆರಂಭಿಸಿದವರು. 1802ರಲ್ಲಿ ಅವರು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರ ರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. ಅಂದರೆ ಸರಪಳಿಯನ್ನು ಸುಮಾರು 400 ಸಲ ಹಾಸಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ನೂರು ಅಡಿಯ ಸರಪಳಿ ಹಿಗ್ಗುವುದು ಕೇವಲ 3.7 ಮಿಲಿಮೀಟರ್. ಆದರೆ ಅದು ಪ್ರತಿ ಸಲವೂ ಒಂದೇ ಕಡೆಗೆ ಬೀಳುವ ಎರರ್. 400 ಸಲ ಹಾಸುವುದರೊಳಗೆ ಸುಮಾರು ಒಂದೂವರೆ ಮೀಟರ್ ಆಗಿಬಿಡುತ್ತದೆ! ಲ್ಯಾಂಬ್ಟನ್ ಸರಪಳಿಯನ್ನು ಮರದ ದೋಣಿಗಳಲ್ಲಿ ಇರಿಸಿ, ಬಿಸಿಲಿಗೆ ಮರೆ ಮಾಡಿ, ಪಕ್ಕದಲ್ಲೇ ಉಷ್ಣತಾಮಾಪಕಗಳನ್ನಿಟ್ಟು, ಹಿಗ್ಗುವಿಕೆಯನ್ನು ಲೆಕ್ಕದಲ್ಲಿ ಕಳೆದರು.

ತಮ್ಮ ಎಚ್ಚರ ಸಾಕೆ ಎಂದು ಅವರು ಪರೀಕ್ಷಿಸಿಯೂ ನೋಡಿದರು. ಮದರಾಸಿನಿಂದ ತ್ರಿಕೋನಗಳ ಸಾಲನ್ನು ಪಶ್ಚಿಮಕ್ಕೆ ಬೆಂಗಳೂರಿನವರೆಗೆ ತಂದು, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರ ರೇಖೆಯನ್ನು ಸರಪಳಿಯಿಂದಲೇ ಅಳೆಯಿಸಿದರು. ತ್ರಿಕೋನಗಳ ಲೆಕ್ಕದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಇದ್ದ ಅಂತರ ಕೆಲವೇ ಅಂಗುಲ. ಆ ಕೆಲವು ಅಂಗುಲಗಳು ಅಳತೆಗೆ ಕಳಂಕವಾಗಲಿಲ್ಲ, ಅಳತೆ ಎಷ್ಟು ನಂಬಲರ್ಹ ಎಂಬುದಕ್ಕೆ ಸಾಕ್ಷಿಯಾದುವು.

ಅಂತರವೇ ಶೋಧನೆಯಾದಾಗ

ಎರರ್ ಎಷ್ಟೆಂದು ತಿಳಿದಿರುವುದರ ದೊಡ್ಡ ಲಾಭ ಇನ್ನೊಂದಿದೆ. ಅದಕ್ಕಿಂತ ದೊಡ್ಡ ಅಂತರ ಕಂಡಾಗ, ಅದು ಹೊಸ ಸಂಗತಿ ಎಂದು ಗುರುತಿಸಬಹುದು.

ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲೀ 1890ರ ದಶಕದ ಆರಂಭದಲ್ಲಿ ನೈಟ್ರೊಜನ್ನಿನ ಸಾಂದ್ರತೆಯನ್ನು ಅಳೆಯುತ್ತಿದ್ದರು. ಗಾಳಿಯಿಂದ ಆಕ್ಸಿಜನ್ ಮೊದಲಾದವನ್ನು ತೆಗೆದು ಪಡೆದ ನೈಟ್ರೊಜನ್ ಅವರ ಗಾಜಿನ ಬುರುಡೆಯಲ್ಲಿ 2.310 ಗ್ರಾಂ ತೂಗಿತು. ರಾಸಾಯನಿಕ ಸಂಯುಕ್ತಗಳಿಂದ ಪಡೆದ ನೈಟ್ರೊಜನ್ ಅದೇ ಬುರುಡೆಯಲ್ಲಿ ಸುಮಾರು 2.299 ಗ್ರಾಂ. ಅಂತರ ಸುಮಾರು 11 ಮಿಲಿಗ್ರಾಂ, ಅಂದರೆ ಶೇಕಡಾ ಅರ್ಧದಷ್ಟು. ನಮ್ಮ ಪ್ರಯೋಗಾಲಯದಲ್ಲಾಗಿದ್ದರೆ ‘ಹೆಚ್ಚುಕಡಿಮೆ ಒಂದೇ’ ಎಂದು ಬಿಟ್ಟುಬಿಡಬಹುದಿತ್ತು. ಆದರೆ ರೇಲೀಯವರಿಗೆ ತಮ್ಮ ಎರರ್ ಎಷ್ಟೆಂಬುದು ಗೊತ್ತಿತ್ತು. ಒಂದೇ ಬಗೆಯ ಅನಿಲವನ್ನು ಮತ್ತೆ ಮತ್ತೆ ತೂಗಿದಾಗ ಬರುತ್ತಿದ್ದ ಚದುರುವಿಕೆಗಿಂತ ಈ ಅಂತರ ಹಲವು ಪಟ್ಟು ದೊಡ್ಡದು. 1892ರಲ್ಲಿ ಅವರು ಅದನ್ನು ಮುಚ್ಚಿಡದೆ ‘ನೇಚರ್’ ಪತ್ರಿಕೆಗೆ ಪತ್ರ ಬರೆದು ಓದುಗರಿಂದ ವಿವರಣೆ ಕೋರಿದರು. ರಸಾಯನವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಜೊತೆಗೂಡಿದರು. 1894ರಲ್ಲಿ ಕಾರಣ ಹೊರಬಿತ್ತು. ಗಾಳಿಯ ನೈಟ್ರೊಜನ್ನಿನಲ್ಲಿ ಅದಕ್ಕಿಂತ ಭಾರವಾದ, ಯಾವುದರೊಡನೆಯೂ ಸುಲಭವಾಗಿ ವರ್ತಿಸದ ಅನಿಲವೊಂದು ಬೆರೆತಿತ್ತು. ಅದೇ ಆರ್ಗಾನ್. 1904ರಲ್ಲಿ ರೇಲೀಯವರಿಗೆ ಭೌತವಿಜ್ಞಾನದ, ರ‍್ಯಾಮ್ಸೆಯವರಿಗೆ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ರೇಲೀ ತಮ್ಮ ರೀಡಿಂಗ್ ಅನ್ನು ‘ಸರಿಪಡಿಸಿ’ ಬರೆದಿದ್ದರೆ ಆ ಶೋಧ ಅವರ ಕೈತಪ್ಪುತ್ತಿತ್ತು.

ಎಲ್ಲ ಅಂತರಗಳೂ ಹೀಗೆ ಹೊಸ ಸಂಗತಿಗಳೇ ಆಗಿರುವುದಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ‘ಓಪೆರಾ’ ಎಂಬ ಪ್ರಯೋಗದ ವಿಜ್ಞಾನಿಗಳು ಬೆರಗಿನ ಫಲಿತಾಂಶವೊಂದನ್ನು ಮುಂದಿಟ್ಟರು. ಜಿನೀವಾ ಬಳಿಯ ಸರ್ನ್‌ನಿಂದ ಹೊರಟು, ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್ ನೆಲದೊಳಗೆ ಸಾಗಿದ ನ್ಯೂಟ್ರಿನೊಗಳು, ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮುಂಚೆ ತಲಪಿದಂತೆ ಕಂಡುಬಂದಿತ್ತು. ಅವರು ಕೊಟ್ಟಿದ್ದ ಎರರ್ ಸುಮಾರು 10 ನ್ಯಾನೋಸೆಕೆಂಡ್ ಮಾತ್ರ. ಸಾವಿರಾರು ನ್ಯೂಟ್ರಿನೊಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಯಾದೃಚ್ಛಿಕ ಎರರ್ ಕುಗ್ಗಿತ್ತು. ಆದರೆ ಕಾಲಸಂಕೇತವನ್ನು ತರುವ ಒಂದು ದ್ಯುತಿತಂತು ಕೇಬಲ್ ಸರಿಯಾಗಿ ಜೋಡಣೆಯಾಗಿರಲಿಲ್ಲ ಎಂಬುದು 2012ರಲ್ಲಿ ಪತ್ತೆಯಾಯಿತು. ಅದು ಪ್ರತಿ ರೀಡಿಂಗನ್ನೂ ಒಂದೇ ಕಡೆಗೆ ತಳ್ಳುತ್ತಿದ್ದ ಕ್ರಮಬದ್ಧ ಎರರ್. ಸರಿಪಡಿಸಿ ಅಳೆದಾಗ ನ್ಯೂಟ್ರಿನೊಗಳು ಬೆಳಕನ್ನು ಮೀರಲಿಲ್ಲ. ಇಲ್ಲೂ ವಿಜ್ಞಾನಿಗಳು ತಮ್ಮ ಅಳತೆಯ ವಿಧಾನವನ್ನೂ ಎರರನ್ನೂ ಬಿಚ್ಚಿಟ್ಟು, ಪರೀಕ್ಷಿಸಿ ಎಂದು ಇತರರನ್ನು ಕೇಳಿಕೊಂಡಿದ್ದರು ಎಂಬುದನ್ನು ಮರೆಯಬಾರದು.

ಬಳಕೆಯಲ್ಲಿ ಎಚ್ಚರ

ತರಗತಿಯಲ್ಲೂ ಪತ್ರಿಕೆಗಳಲ್ಲೂ ಎರರ್ ಪದ ಹಲವು ಜೋಡಿಗಳಲ್ಲಿ ಬರುತ್ತದೆ. ಕೆಲವನ್ನು ಇಲ್ಲಿ ನೋಡಬಹುದು.

ಶೇಕಡಾ ಎರರ್: ನಮಗೆ ಬಂದ ಬೆಲೆಗೂ ಒಪ್ಪಿತ ಬೆಲೆಗೂ ಇರುವ ಅಂತರವನ್ನು ಒಪ್ಪಿತ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವುದು. 982 ಪಡೆದ ವಿದ್ಯಾರ್ಥಿಗೆ, 978ನ್ನು ಒಪ್ಪಿತ ಬೆಲೆಯಾಗಿ ಇಟ್ಟುಕೊಂಡರೆ, ಇದು ಸುಮಾರು 0.4. ಒಪ್ಪಿತ ಬೆಲೆ ಗೊತ್ತಿದ್ದಾಗ ಮಾತ್ರ ಈ ಲೆಕ್ಕ ಸಾಧ್ಯ. ಹೊಸದನ್ನು ಅಳೆಯುವವನಿಗೆ ಇದು ಸಿಗುವುದಿಲ್ಲ.

ಅನಿಶ್ಚಿತತೆ: ಅಳತೆಯ ಬೆಲೆಗೂ ನಿಜವಾದ ಬೆಲೆಗೂ ಇರುವ ಅಂತರವನ್ನೇ ಎರರ್ ಎಂದು ಕರೆದು, ನಮ್ಮ ಉತ್ತರ ಎಷ್ಟರ ಮಟ್ಟಿಗೆ ಅತ್ತಿತ್ತ ಇರಬಹುದು ಎಂಬುದನ್ನು ಅನಿಶ್ಚಿತತೆ ಎಂದು ಬೇರೆಯಾಗಿ ಕರೆಯುವುದು ಇಂದಿನ ಅಂತಾರಾಷ್ಟ್ರೀಯ ರೂಢಿ. ಇದಕ್ಕೆ ಸಂಬಂಧಿಸಿದ ಮಾರ್ಗದರ್ಶಿ 1993ರಲ್ಲಿ ಪ್ರಕಟವಾಯಿತು. ಆ ಪ್ರಕಾರ ± ಗುರುತಿನ ಮುಂದಿನ ಅಂಕಿಗೆ ಸರಿಯಾದ ಹೆಸರು ಅನಿಶ್ಚಿತತೆ. ತರಗತಿಗಳಲ್ಲಿ ಎರಡನ್ನೂ ಎರರ್ ಎನ್ನುವುದು ಹಳೆಯ ವಾಡಿಕೆ. ಈ ಲೇಖನದಲ್ಲೂ ಅದನ್ನೇ ಅನುಸರಿಸಿದೆ.

ಎರರ್ ಬಾರ್: ನಕ್ಷೆಯ ಬಿಂದುವಿನ ಮೇಲೂ ಕೆಳಗೂ ಎಳೆದ ಸಣ್ಣ ಗೆರೆ. ಬೆಲೆ ಈ ವ್ಯಾಪ್ತಿಯಲ್ಲಿ ಇರಬಹುದು ಎಂಬುದರ ಚಿತ್ರ. ಎಳೆದ ರೇಖೆ ಎಲ್ಲ ಬಿಂದುಗಳ ಮೂಲಕವೇ ಹಾಯಬೇಕಿಲ್ಲ ಎಂಬುದನ್ನು ಇದು ಮಕ್ಕಳಿಗೆ ಸುಲಭವಾಗಿ ತೋರಿಸುತ್ತದೆ.

ಪ್ರಯತ್ನ-ದೋಷ ಕಲಿಕೆ: ಶಿಕ್ಷಕರಿಗೆ ಥಾರ್ನ್‌ಡೈಕ್ ಅವರ ಹೆಸರಿನೊಂದಿಗೆ ಪರಿಚಿತವಾದ ಪದ. ಇಲ್ಲಿ ಎರರ್ ಎಂದರೆ ಗುರಿ ಮುಟ್ಟದ ಪ್ರಯತ್ನ. ಅಳತೆಯ ಎರರಿಗೂ ಇದಕ್ಕೂ ಸಂಬಂಧವಿಲ್ಲ.

ಹ್ಯೂಮನ್ ಎರರ್: ಅಪಘಾತಗಳ ಸುದ್ದಿಯಲ್ಲಿ ಬರುವ ಪದ. ಅಲ್ಲಿ ಅದರ ಅರ್ಥ ಮಾನವ ಪ್ರಮಾದ. ಪ್ರಯೋಗದ ರೆಕಾರ್ಡಿನಲ್ಲಿ ಇದನ್ನು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ‘ಸ್ಟಾಪ್‌ವಾಚ್ ಒತ್ತುವುದರಲ್ಲಿ 0.2 ಸೆಕೆಂಡ್ ಹೆಚ್ಚುಕಡಿಮೆ’ ಎಂದು ಬರೆಯಿರಿ, ಅದು ವಿಜ್ಞಾನದ ಮಾತು.

ಶಿಕ್ಷಕರಿಗೆ ಒಂದು ಮಾತು

ಲೋಲಕದ ಪ್ರಯೋಗವನ್ನು ಮುಂದಿನ ಸಲ ಮಾಡಿಸುವಾಗ ಒಪ್ಪಿತ ಬೆಲೆಯನ್ನು ಮೊದಲೇ ಹೇಳಬೇಡಿ. ಪ್ರತಿ ವಿದ್ಯಾರ್ಥಿಯ ಉತ್ತರವನ್ನೂ ಅವರವರ ಎರರ್ ಸಮೇತ ಕಪ್ಪುಹಲಗೆಯ ಮೇಲೆ ಬರೆಯಿರಿ. ನಲವತ್ತು ಉತ್ತರಗಳು ಎಲ್ಲಿ ಗುಂಪುಗೂಡುತ್ತವೆ, ಯಾವುದು ದೂರ ನಿಲ್ಲುತ್ತದೆ ಎಂಬುದನ್ನು ಮಕ್ಕಳೇ ನೋಡಲಿ. ದೂರ ನಿಂತ ಉತ್ತರದ ಬಗ್ಗೆ ‘ಏಕೆ ತಪ್ಪು ಮಾಡಿದೆ?’ ಎನ್ನುವ ಬದಲು ‘ಹೇಗೆ ಅಳೆದೆ?’ ಎಂದು ಕೇಳಿ. ತ್ರಿಜ್ಯ ಸೇರಿಸಲು ಮರೆತವನು ಆಗ ತಾನೇ ಕಾರಣ ಹುಡುಕುತ್ತಾನೆ. ಅಂಕ ಕೊಡುವಾಗ 980ಕ್ಕೆ ಎಷ್ಟು ಹತ್ತಿರ ಬಂದಿದೆ ಎಂಬುದಕ್ಕಿಂತ, ಬರೆದ ಎರರಿಗೆ ಕಾರಣ ಕೊಟ್ಟಿದ್ದಾರೆಯೇ ಎಂಬುದನ್ನು ನೋಡಿ.

ವಿದ್ಯಾರ್ಥಿಗಳೇ, ನಿಮ್ಮ ಉತ್ತರದ ಪಕ್ಕದಲ್ಲಿ ಎರರ್ ಬರೆಯಲು ನಾಚಬೇಡಿ. ನ್ಯೂಟನ್ನನ ಗುರುತ್ವ ನಿಯತಾಂಕದ ಬೆಲೆಯನ್ನು ಜಗತ್ತಿನ ಅತ್ಯುತ್ತಮ ಪ್ರಯೋಗಾಲಯಗಳು ಎರಡು ಶತಮಾನಗಳಿಂದ ಅಳೆಯುತ್ತ ಬಂದಿವೆ. ಅಂತಾರಾಷ್ಟ್ರೀಯವಾಗಿ ಶಿಫಾರಸಾಗಿರುವ ಅದರ ಬೆಲೆಯ ಅಂಕಿಗಳು 6.67430, ಅದರ ಪಕ್ಕದಲ್ಲಿ ± 0.00015 ಎಂದು ಬರೆದೇ ಇದೆ. ಆ ಸಣ್ಣ ಅಂಕಿಯನ್ನು ಪಡೆಯಲು ಅವರು ಪಟ್ಟ ಶ್ರಮ ದೊಡ್ಡ ಅಂಕಿಯನ್ನು ಪಡೆಯಲು ಪಟ್ಟ ಶ್ರಮಕ್ಕಿಂತ ಕಡಿಮೆಯದಲ್ಲ. 982 ± 10 ಎಂದು ಬರೆದ ವಿದ್ಯಾರ್ಥಿ ಮಾಡಿದ್ದೂ ಅದೇ ಕೆಲಸ. ಅವನಿಗೆ ಇನ್ನು ರಬ್ಬರ್ ಬೇಕಿಲ್ಲ.